ಮೈಲುಗಲ್ಲಿನ ಹಿಂದಿನ ಡಬ್ಬಿ

ನಮ್ಮ ಮನೆಯ ಗುಂಡಿಗಳಿಗೆಲ್ಲ ಈಗ ಮಾವಿನಕಾಯಿ ಉಪ್ಪಿನಕಾಯಿಯ ವಾಸನೆ. ಅಂಗಿಯ ಗುಂಡಿ, ಕುಪ್ಪಸದ ಹುಕ್ಕು, ಸ್ವೆಟರಿನ ದಪ್ಪ ಗುಂಡಿ, ಯಾವ ಬಟ್ಟೆಯದೆಂದು ಯಾರಿಗೂ ನೆನಪಿಲ್ಲದ ಮುತ್ತಿನಂಥ ಗುಂಡಿ, ಎಲ್ಲವೂ ಒಂದು ಹಳೆಯ ಉಪ್ಪಿನಕಾಯಿ ಬಾಟಲಿಯೊಳಗೆ ತುಂಬಿಕೊಂಡು ಕಿಟಕಿಯ ಮೇಲೆ ಕುಳಿತಿವೆ. ಬಾಟಲಿಯನ್ನು ಮೂರು ಸಲ ಸೋಪು ಹಾಕಿ ತೊಳೆದೆ, ಎರಡು ದಿನ ಬಿಸಿಲಿಗಿಟ್ಟೆ. ಅದೇನೂ ಜಗ್ಗಲಿಲ್ಲ. ಮೊನ್ನೆ ನಮ್ಮವರ ಅಂಗಿಗೆ ಕೊರಳ ಹತ್ತಿರದ ಗುಂಡಿ ಹಚ್ಚಿಕೊಟ್ಟೆ. ಬೆಳಗಿನ ವಾಕಿಂಗ್ ಮುಗಿಸಿ ಬಂದವರೇ ಚಪ್ಪಲಿ ಬಿಡುತ್ತ, "ಹಾದಿ ತುಂಬ ಊಟದ ನೆನಪಾತು ನೋಡು" ಎಂದರು.

ಈ ಗುಂಡಿಗಳಿಗೆ ಮೊದಲು ಒಳ್ಳೆಯ ಮನೆಯೇ ಇತ್ತು. ಶೇಂಗಾ ಹೋಳಿಗೆಯಷ್ಟು ಅಗಲದ, ನಾಲ್ಕು ಬೆರಳು ಎತ್ತರದ, ಪಕ್ಕದಲ್ಲಿ ಮುಚ್ಚಳ ಬಿಗಿಯುವ ಕಡಿ ಇರುವ ಸ್ಟೀಲಿನ ಡಬ್ಬಿ. ಅದು ಎಲ್ಲಿ ಹೋಯಿತೆಂದು ಹೇಳಬೇಕಾದರೆ ನನ್ನದೊಂದು ಕಳ್ಳತನವನ್ನು ನಿಮ್ಮೆದುರು ಒಪ್ಪಿಕೊಳ್ಳಬೇಕಾಗುತ್ತದೆ. ಮೂವತ್ತು ವರ್ಷ ಪುಣೆಯ ಶಾಲೆಯೊಂದರಲ್ಲಿ ಮಕ್ಕಳಿಗೆ ಭೂಗೋಳ ಕಲಿಸಿ, ಇನ್ನೊಬ್ಬರ ಪೆನ್ಸಿಲು ಮುಟ್ಟಬಾರದು ಎಂದು ಗದರಿಸಿ, ನಿವೃತ್ತಿಯ ನಂತರ ನಾನು ಮಾಡಿದ ಮೊದಲ ಕೆಲಸವೇ ಅದು.

ಮೊದಲು ಡಬ್ಬಿಯ ವಿಷಯ. ಅದು ನಮ್ಮ ಅವ್ವನದು. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಕನ್ನಡ ಅಕ್ಷರಗಳಿದ್ದವು: 'ತುಂಗಾ'. ಪುಣೆಯಲ್ಲಿ ಹುಟ್ಟಿ, ಓಣಿಯಲ್ಲಿ ಮರಾಠಿ, ಶಾಲೆಯಲ್ಲಿ ಮರಾಠಿ, ದಿನಸಿ ಅಂಗಡಿಯಲ್ಲೂ ಮರಾಠಿ ಮಾತಾಡಿಕೊಂಡು ಬೆಳೆದ ನನಗೆ ಕನ್ನಡ ಅಕ್ಷರ ಕಲಿಸಿದವಳು ಅವ್ವನೇ, ಅದೂ ಪಾತ್ರೆಗಳ ಮೇಲೆ. ಕೊಡದ ಮೇಲಿನ 'ಸೌ.', ತಾಟಿನ ಮೇಲಿನ 'ಸುಮತಿ' ಎಲ್ಲ ಕೂಡಿಸಿ ಓದಲು ಬಂದ ಮೇಲೆ ಒಂದು ದಿನ ಈ ಡಬ್ಬಿ ಕೈಗೆ ಸಿಕ್ಕಿತು. "ಅವ್ವಾ, ಈ ತುಂಗಾ ಅಂದ್ರ ಯಾರು? ಅವರ ಡಬ್ಬಿ ನಾವ್ಯಾಕ ಇಟ್ಕೊಂಡೇವಿ?" ಎಂದು ಕೇಳಿದೆ.

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನಾನ. ಮದಿವಿಗಿಂತ ಮೊದ್ಲು."

ಧಾರವಾಡದಲ್ಲಿ ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರವಿ, ಅಪ್ಪನ ಕೈಯಲ್ಲಿ ಉಂಗುರ ಹಿಡಿಸಿ, ಅದರಿಂದ ಅವ್ವನಿಗೆ ಸುಮತಿ ಎಂಬ ಹೊಸ ಹೆಸರು ಬರೆಸಿದ್ದರು. ಆಗ ಹಾಗೇ. ಹುಡುಗಿ ಮನೆ ಬದಲಿಸುವುದರ ಜೊತೆಗೆ ಹೆಸರನ್ನೂ ಬದಲಿಸಬೇಕಿತ್ತು. ಈ ಡಬ್ಬಿಯನ್ನು ಮಾತ್ರ ನಮ್ಮ ಸೋದರಮಾವ ಮದುವೆಗೆ ಮೊದಲೇ ತಂದು, ಅವಸರಕ್ಕೆ ಹೆಸರು ಕೊರೆಸಿಬಿಟ್ಟಿದ್ದನಂತೆ. ಸ್ಟೀಲು ಅಂದರೆ ಆ ಕಾಲಕ್ಕೆ ದೊಡ್ಡಸ್ತಿಕೆ. ಹೆಸರು ತಪ್ಪಾಯಿತೆಂದು ಯಾರೂ ಅದನ್ನು ಮರಳಿ ಕೊಡಲಿಲ್ಲ. ಅವ್ವ ಶಾಲೆಗೆ ಹೋದದ್ದು ಎರಡೋ ಮೂರೋ ವರ್ಷ, ಅದರ ಕಾಗದಪತ್ರ ಏನೂ ಉಳಿದಿಲ್ಲ. ರೇಷನ್ ಕಾರ್ಡಿನಲ್ಲಿ ಸುಮತಿ, ಮತದಾರರ ಪಟ್ಟಿಯಲ್ಲಿ ಸುಮತಿ, ಕೊನೆಗೆ ಅವಳು ಹೋದಾಗ ಪಡೆದ ಪ್ರಮಾಣಪತ್ರದಲ್ಲೂ ಸುಮತಿ. ತುಂಗಾ ಎಂಬ ಹುಡುಗಿ ಇದ್ದಳೆಂಬುದಕ್ಕೆ ಜಗತ್ತಿನಲ್ಲಿ ಉಳಿದದ್ದು ಆ ಮುಚ್ಚಳ ಒಂದೇ. ಅದರೊಳಗೆ ನಾನು ಗುಂಡಿ ತುಂಬಿಟ್ಟಿದ್ದೆ. ನನ್ನ ಬುದ್ಧಿ ಅಷ್ಟು.

ನಾನು ಚಿಕ್ಕವಳಿದ್ದಾಗ ಅದು ಹಾದಿಯ ಡಬ್ಬಿಯಾಗಿತ್ತು. ಪ್ರತಿ ಬೇಸಿಗೆಯಲ್ಲಿ ಪುಣೆಯಿಂದ ಧಾರವಾಡಕ್ಕೆ ಕೆಂಪು ಎಸ್.ಟಿ. ಬಸ್ಸಿನಲ್ಲಿ ಹೊರಡುತ್ತಿದ್ದೆವು. ಸ್ವಾರಗೇಟಿನ ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಕಿಟಕಿಯಿಂದ ಟವೆಲ್ಲು ಎಸೆದು ಸೀಟು ಹಿಡಿಯುತ್ತಿದ್ದ. ಅವ್ವನ ತೊಡೆಯ ಮೇಲಿನ ಚೀಲದಲ್ಲಿ ಕಟಕ ರೊಟ್ಟಿ, ಗುರೆಳ್ಳು ಚಟ್ನಿ, ಮೊಸರಿನ ಗಡಿಗೆ. ಆ ಡಬ್ಬಿಯಲ್ಲಿ ಮಾತ್ರ ಹಚ್ಚಿದ ಅವಲಕ್ಕಿ. ಕಾತ್ರಜ ಘಾಟಿನ ಏರು ಹತ್ತುವಾಗ ಬಸ್ಸು ದಮ್ಮು ಹತ್ತಿದ ಅಜ್ಜನಂತೆ ಏದುಸಿರು ಬಿಡುತ್ತಿತ್ತು. ಘಾಟು ದಾಟಿ ಸ್ವಲ್ಪ ದೂರ ಹೋದ ಮೇಲೆ, ಭೋರ್ ಕಡೆಗೆ ತಿರುಗುವ ದಾರಿ ಇನ್ನೂ ಬರುವ ಮೊದಲೇ, ಡ್ರೈವರ ಎಂಜಿನ್ನಿಗೆ ನೀರು ಹಾಕಲು ಒಂದು ಆಲದ ಮರದ ಕೆಳಗೆ ನಿಲ್ಲಿಸುತ್ತಿದ್ದ.

ಅಪ್ಪ ಕ್ಯಾಂಪಿನ ಕಚೇರಿಯೊಂದರಲ್ಲಿ ಗುಮಾಸ್ತ. ಇತಿಹಾಸದ ಹುಚ್ಚು. "ಬ್ರಿಟಿಷರು ಈ ರಸ್ತಾ ಮಾಡಿದ್ದು ಪುಣೆ ಕ್ಯಾಂಪಿನಿಂದ ಬೆಳಗಾವಿ ಕ್ಯಾಂಪಿಗೆ ದಂಡು ಒಯ್ಲಿಕ್ಕೆ. ತೋಪು ಎಳಕೊಂಡು ಹೋಗೋ ರಸ್ತಾ ಮ್ಯಾಲ ನಾವು ರೊಟ್ಟಿಗಂಟು ಕಟ್ಕೊಂಡು ಹೊಂಟೇವಿ ನೋಡು" ಎಂದು ಪ್ರತಿ ವರ್ಷ ಅದೇ ಜಾಗದಲ್ಲಿ ಹೇಳುತ್ತಿದ್ದ. ಅವನಿಗೆ ರಸ್ತೆಯ ಪಕ್ಕದ ಮೈಲುಗಲ್ಲು ಎಣಿಸುವ ಚಟ. ಮುಂದೆ ಕಿಲೋಮೀಟರಿನ ಕಲ್ಲುಗಳು ಬಂದಾಗ ಬಹಳ ನೊಂದುಕೊಂಡ. ಅಂಕಿ ದೊಡ್ಡದಾದದ್ದು ನೋಡಿ, "ಸರಕಾರದವರು ಕೂಡಿ ಧಾರವಾಡ ದೂರ ಸರಿಸಿದ್ರು" ಎಂದು ಎದುರಿನ ಸೀಟಿನವನಿಗೂ ಹೇಳಿದ.

ಆಲದ ಮರದ ಹತ್ತಿರದ ಕಲ್ಲಿಗೆ ಒಂದು ಕತೆ ಇದೆ. ಹೊಸ ಮದುಮಗಳಾಗಿ ಅವ್ವ ಮೊದಲ ಸಲ ಪುಣೆಗೆ ಬರುವಾಗ ಬಸ್ಸು ಅಲ್ಲಿ ನಿಂತಿತ್ತು. ಅಪ್ಪ ಚಹಾ ಕುಡಿಯಲು ಹೋಗಿದ್ದ. ಅವ್ವ ಇಳಿದು ನೋಡಿದರೆ ಮರದ ಬುಡದಲ್ಲಿ ಗೇಣುದ್ದದ ಕಲ್ಲು, ಮೈತುಂಬ ಕುಂಕುಮ, ಮುಂದೆ ಎರಡು ಹೂವು. ಹೊಸ ಊರಿಗೆ ಹೋಗುವವಳು. ಡಬ್ಬಿ ತೆಗೆದು ಒಂದು ಹಿಡಿ ಅವಲಕ್ಕಿ ಇಟ್ಟು ಕೈಮುಗಿದಳು. ಚಹಾ ಕುಡಿದು ಬಂದ ಅಪ್ಪ ಹೊಟ್ಟೆ ಹಿಡಿದು ನಕ್ಕನಂತೆ. "ಏ ಹುಚ್ಚಿ, ಅದು ದೇವರಲ್ಲ. ಇಂಗ್ರೇಜರು ಹುಗಿದ ಮೈಲಿನ ಕಲ್ಲು. ಯಾರೋ ಹಳ್ಳ್ಯಾಗಿನವರು ಕುಂಕುಮ ಹಚ್ಯಾರ."

"ಹಾದಿ ತೋರಸೋದು ದೇವರಲ್ಲೇನು ಮತ್ತ?" ಎಂದಳಂತೆ ಅವ್ವ.

ಅದು ಅವಳು ಗಂಡನೆದುರು ಆಡಿದ ಮೊದಲ ಮಾತು ಎಂದು ಅಪ್ಪನೇ ಹೆಮ್ಮೆಯಿಂದ ಹೇಳುತ್ತಿದ್ದ. ಅಂದಿನಿಂದ ಅವ್ವ ಹಟಕ್ಕೆ ಬಿದ್ದಳು. ಪ್ರತಿ ವರ್ಷ ಬಸ್ಸು ನಿಂತ ಕೂಡಲೇ ಇಳಿದು, ನಮಗ್ಯಾರಿಗೂ ಕೊಡುವ ಮೊದಲು ಒಂದು ಹಿಡಿ ಅವಲಕ್ಕಿ ಆ ಕಲ್ಲಿನ ಮುಂದೆ. ಬಸ್ಸಿನ ಕಂಡಕ್ಟರೂ ಕಾಯಲು ಕಲಿತಿದ್ದ. ನನಗೆ ಆಗ ಹೊಟ್ಟೆ ಹಸಿದಿರುತ್ತಿತ್ತು, ಅಲ್ಲಿ ಕಾಗೆಗಳಿಗೆ ಹೋಗುವ ಅವಲಕ್ಕಿಯಲ್ಲಿ ಶೇಂಗಾ ಹೆಚ್ಚಿರುತ್ತಿತ್ತು ಎಂಬ ಸಿಟ್ಟು ಇವತ್ತಿಗೂ ಪೂರ್ತಿ ಹೋಗಿಲ್ಲ.

ಈಗ ಕಳ್ಳತನಕ್ಕೆ ಬರುತ್ತೇನೆ. ನಮ್ಮ ಮೇಲಿನ ಮನೆಯಲ್ಲಿ ಶುಭಾ ಎಂಬ ಬೆಂಗಳೂರಿನ ಹುಡುಗಿ ಇದ್ದಾಳೆ. ಚಾಕಣದ ಕಾರು ಕಾರ್ಖಾನೆಯಲ್ಲಿ ಎಂಜಿನಿಯರು. ನನ್ನ ಕನ್ನಡ ಕೇಳಿ ಅವಳಿಗೆ ನಗು, ಅವಳದು ಕೇಳಿ ನನಗೆ. ಒಂದು ಭಾನುವಾರ ಬೆಳಿಗ್ಗೆ ಬಂದು, "ಆಂಟಿ, ಹಳೇ ಸಾತಾರಾ ರೋಡ್ ಕಡೆ ಹೋಗ್ತಿದೀನಿ, ಜಿಯೋಕ್ಯಾಶಿಂಗ್‌ಗೆ. ಬರ್ತೀರಾ? ನೀವು ಜಿಯಾಗ್ರಫಿ ಟೀಚರ್ ಅಲ್ವಾ, ಹೆಲ್ಪ್ ಆಗುತ್ತೆ" ಎಂದಳು.

ದಾರಿಯಲ್ಲಿ ಕಾರು ಓಡಿಸುತ್ತ ಅವಳು ಆಟವನ್ನು ವಿವರಿಸಿದಳು. ಯಾರೋ ಒಬ್ಬರು ಒಂದು ವಸ್ತುವನ್ನು ಎಲ್ಲೋ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶವನ್ನು ಫೋನಿನ ಆಪಿನಲ್ಲಿ ಹಾಕುತ್ತಾರೆ. ಗುರುತಿಲ್ಲದವರು ಹುಡುಕಿಕೊಂಡು ಹೋಗುತ್ತಾರೆ. ಸಿಕ್ಕರೆ ಒಳಗಿನ ಚೀಟಿಯಲ್ಲಿ ಹೆಸರು ಬರೆಯಬೇಕು, ಏನಾದರೂ ತೆಗೆದುಕೊಂಡರೆ ಏನಾದರೂ ಇಡಬೇಕು, ಮೊದಲಿದ್ದ ಹಾಗೇ ಬಚ್ಚಿಟ್ಟು ಬರಬೇಕು. ನಾನು ಇಷ್ಟನ್ನೂ ಕೇಳಿಸಿಕೊಂಡೆನೆಂದು ಪ್ರಮಾಣ ಮಾಡಿ ಹೇಳಲಾರೆ. ಕಾತ್ರಜ ಘಾಟು ಶುರುವಾಗಿತ್ತು. ನನ್ನ ತಲೆ ಪೂರ್ತಿ ಕಿಟಕಿಯ ಹೊರಗಿತ್ತು. ಹುಡುಕುವ ವಸ್ತು ಎಂದರೆ ಯಾವುದೋ ಮೂರ್ತಿಯೋ ಪದಕವೋ ಇರಬೇಕೆಂದುಕೊಂಡೆ.

ಘಾಟು ಇಳಿದು ಸ್ವಲ್ಪ ದೂರ ಹೋದ ಮೇಲೆ ಶುಭಾ ಹೆದ್ದಾರಿ ಬಿಟ್ಟು ಪಕ್ಕಕ್ಕೆ ತಿರುಗಿಸಿದಳು. ಹೊಸ ರಸ್ತೆ ನೇರ ಹೋಗಿದೆ. ಹಳೆಯದರ ಒಂದು ತುಂಡು, ಒಂದು ಬಸ್ಸು ಹೋಗುವಷ್ಟೇ ಅಗಲದ್ದು, ಡಾಂಬರು ಒಡೆದು ಹುಲ್ಲು ಬೆಳೆದು, ಹೊಲಗಳ ನಡುವೆ ಹಾಗೇ ಬಿದ್ದಿದೆ. ಇಳಿದು ನಾಲ್ಕು ಹೆಜ್ಜೆ ನಡೆದರೆ ಆಲದ ಮರ. ಬುಡದಲ್ಲಿ ಕುಂಕುಮ ಮೆತ್ತಿದ ಕಲ್ಲು.

ಇದೇ ಆ ಮರ, ಇದೇ ಆ ಕಲ್ಲು ಎಂದು ಆಣೆ ಮಾಡಲಾರೆ. ಈ ದಾರಿಯಲ್ಲಿ ಆಲದ ಮರಗಳಿಗೂ ಕಲ್ಲುಗಳಿಗೂ ಬರವಿಲ್ಲ. ಇಂಗ್ಲಿಷಿನಲ್ಲಿ 'ಪೂನಾ' ಎಂದು ಕೊರೆದದ್ದು ಅರ್ಧ ಕಾಣುತ್ತಿತ್ತು, ಅಂಕಿ ಕುಂಕುಮದ ಅಡಿಯಲ್ಲಿ ಮುಚ್ಚಿಹೋಗಿತ್ತು. ಆದರೂ ಚಪ್ಪಲಿ ಬಿಟ್ಟೆ. ಅವ್ವ ಹೋಗಿ ಒಂಬತ್ತು ವರ್ಷವಾಗಿತ್ತು.

ಶುಭಾ ಫೋನು ಹಿಡಿದು ಪೊದೆಗಳ ಕಡೆ ನಡೆದಳು. "ಆಂಟಿ, ಇಲ್ಲೇ ಹತ್ತು ಮೀಟರ್ ಒಳಗೆ ಇದೆ ಅಂತ ತೋರಿಸ್ತಿದೆ. ಆ ದೇವರ ಹತ್ರ ಬೇಡ, ಅಲ್ಲೆಲ್ಲ ಯಾರೂ ಇಡಲ್ಲ" ಎಂದು ಮೋರಿಯ ಕಲ್ಲುಗಳನ್ನು ಒಂದೊಂದಾಗಿ ಎಬ್ಬಿಸತೊಡಗಿದಳು. ನಾನು ಕಲ್ಲಿನ ಮುಂದೆ ಬಗ್ಗಿ ಕೈಮುಗಿದೆ. ಬಗ್ಗಿದಾಗ ಹಿಂದೆ ಬೇರುಗಳ ಸಂದಿನಲ್ಲಿ ಒಂದು ಪ್ಲಾಸ್ಟಿಕ್ಕಿನ ಊಟದ ಡಬ್ಬ ಕಂಡಿತು. ಕೊಳೆ, ಇರುವೆ, ಮುಚ್ಚಳದ ಮೇಲೆ ಮಣ್ಣು.

ನನ್ನ ಕೈ ತಾನೇ ಹೋಯಿತು. ಮೂವತ್ತು ವರ್ಷದ ಅಭ್ಯಾಸ. ಶಾಲೆಯಲ್ಲಿ ಮಕ್ಕಳು ಬೆಂಚಿನ ಕೆಳಗೆ ಡಬ್ಬ ಮರೆತು ಹೋಗುತ್ತಿದ್ದರು. ಬಿಟ್ಟರೆ ಸೋಮವಾರದೊಳಗೆ ನಾರುತ್ತದೆಂದು ನಾನು ಚೀಲಕ್ಕೆ ಹಾಕಿಕೊಂಡು ಮನೆಗೆ ತಂದು, ತೊಳೆದು, ಮರುದಿನ ಮಗುವಿಗೆ ಒಪ್ಪಿಸುತ್ತಿದ್ದೆ. ಖಾಲಿ ಕೊಡುತ್ತಿರಲಿಲ್ಲ. ಖಾಲಿ ಡಬ್ಬಿ ಮರಳಿ ಕೊಡಬಾರದು ಎಂಬುದು ಅವ್ವ ಕಲಿಸಿದ ಪಾಠ. ಒಂದು ಉಂಡಿಯಾದರೂ, ಎರಡು ಕರದಂಟಿನ ಚೂರಾದರೂ ಇರಬೇಕು. ಅದಕ್ಕೇ ಕೆಲವು ಜಾಣ ಮಕ್ಕಳು ಬೇಕೆಂದೇ ಡಬ್ಬ ಮರೆಯುತ್ತಿದ್ದರು. ಯಾವುದೋ ಹೊಲದ ಮಗುವಿನದು, ಮುಂದಿನ ವಾರ ಇಲ್ಲೇ ತಂದಿಟ್ಟರಾಯಿತು ಎಂದು ನನ್ನ ಚೀಲಕ್ಕೆ ಹಾಕಿಕೊಂಡೆ. ಶುಭಾಗೆ ಹೇಳುವಂಥ ದೊಡ್ಡ ಸಂಗತಿ ಅದೆಂದು ಅನ್ನಿಸಲೇ ಇಲ್ಲ.

ಪಾಪ, ಆ ಹುಡುಗಿ ಒಂದು ತಾಸು ಹುಡುಕಿದಳು. ಕೈ ತರಚಿಕೊಂಡಳು. ನಾನು ಮರದ ನೆರಳಲ್ಲಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕುಳಿತು, "ಆ ಮೋರಿ ಕೆಳಗ ನೋಡಿದೇನು?" ಎಂದು ಸಲಹೆ ಕೊಡುತ್ತಿದ್ದೆ. ಕೊನೆಗೆ ಅವಳು ಬೆವರು ಒರೆಸಿಕೊಂಡು, 'ಸಿಗಲಿಲ್ಲ, ಕಳೆದುಹೋಗಿರಬಹುದು' ಎಂದು ಫೋನಿನಲ್ಲಿ ಬರೆದು ಹಾಕಿದಳು. ಬರುವಾಗ ಅವಳ ಸೋತ ಮುಖ ನೋಡಲಾರದೆ ನಾನೇ ಕಬ್ಬಿನ ಹಾಲು ಕುಡಿಸಿದೆ.

ಮನೆಗೆ ಬಂದು ಡಬ್ಬ ತೆರೆದರೆ ಊಟ ಇರಲಿಲ್ಲ. ಒಂದು ಗೋಲಿ, ಯಾವುದೋ ದೇಶದ ನಾಣ್ಯ, ಮೂರು ಗುಂಡಿ, ಒಂದು ಪಿನ್ನು, ನೀರು ಕುಡಿದು ಉಬ್ಬಿದ ಕಾಗದದ ಒಂದು ಸುರುಳಿ. ಮಗುವಿನ ಆಸ್ತಿ ಎಂದು ನಕ್ಕೆ. ಕಾಗದದ ತುಂಬ ಏನೇನೋ ಹೆಸರುಗಳು, ಮಸಿ ಕಲೆಸಿಹೋಗಿತ್ತು. ಬರೆದ ಕಾಗದವನ್ನು ಕಸಕ್ಕೆ ಹಾಕುವುದು ನನ್ನಿಂದ ಆಗುವುದಿಲ್ಲ. ಕಾಗದಕ್ಕೆ ಕಾಲು ತಾಗಿದರೆ ಕಣ್ಣಿಗೆ ಒತ್ತಿಕೊಳ್ಳುವಂತೆ ಬೆಳೆಸಿದ ಮನೆ ನಮ್ಮದು. ಬಿಡಿಸಲು ಬಂದಷ್ಟು ಪಟ್ಟಿಗಳನ್ನು ಬಿಡಿಸಿ, ಹಳೆಯ ಪೇಪರಿನ ಮಡಿಕೆಯಲ್ಲಿಟ್ಟು, ಮೇಲೆ ಮಸಾಲೆ ಕುಟ್ಟುವ ಕಲ್ಲಿನ ಕಲಬತ್ತ ಹೇರಿದೆ. ನಡುವಿನ ಗಟ್ಟಿ ಸುರುಳಿ ಶೇಂಗಾಬೀಜದಷ್ಟು ದಪ್ಪ, ಬಿಚ್ಚಲೇ ಇಲ್ಲ. ಅದನ್ನು ಗೋಲಿ, ನಾಣ್ಯ, ಪಿನ್ನಿನ ಜೊತೆ ನನ್ನ ಗುಂಡಿ ಡಬ್ಬಿಗೆ ಹಾಕಿದೆ. ಪ್ಲಾಸ್ಟಿಕ್ಕಿನ ಡಬ್ಬಕ್ಕೆ ಕುದಿಯುವ ನೀರು ಹೊಯ್ದೆ. ಅದು ಸೊಟ್ಟಗಾಗಿ ಕುಳಿತಿತು. ಮುಚ್ಚಳ ಮತ್ತೆ ಹಿಡಿಯಲಿಲ್ಲ. ಆದರೂ ಶನಿವಾರ ಶೇಂಗಾದ ಉಂಡಿ ಕಟ್ಟಿ ಅದರಲ್ಲೇ ತುಂಬಿದೆ.

ನಾಲ್ಕು ಉಂಡಿ ಹೆಚ್ಚಾದವೆಂದು ಶುಭಾಗೆ ಕೊಡಲು ಮೇಲೆ ಹೋದೆ. ಮಾತಿಗೆ ಮಾತು ಬಂದು, "ಅವತ್ತು ನೀ ಹುಡುಕ್ಲಿಕತ್ತಾಗ ನನಗೊಂದು ಡಬ್ಬಾ ಸಿಕ್ತು ನೋಡವಾ, ಆ ಕಲ್ಲಿನ ಹಿಂದ. ಯಾವದೋ ಹುಡುಗರು ಮರತದ್ದು. ನಾಳೆ ಆ ಕಡೆ ಹೋದ್ರ ಇಟ್ಟು ಬರೂಣು" ಎಂದೆ.

ಶುಭಾಳ ಕೈಯಲ್ಲಿದ್ದ ಉಂಡಿ ಬಾಯಿಯ ಹತ್ತಿರವೇ ನಿಂತಿತು. "ಆಂಟೀ! ಒಳಗೆ ಪೇಪರ್ ಇತ್ತಾ? ಹೆಸರುಗಳು ಇದ್ವಾ?"

"ಇತ್ತಲ್ಲ. ತೊಯ್ದು ಹಿಟ್ಟಾಗಿತ್ತು."

ಅವಳು ಕುರ್ಚಿಯ ಮೇಲೆ ಕುಸಿದು ಕುಳಿತು ಮೊದಲು ನಕ್ಕಳು. ನಗು ನಿಂತ ಮೇಲೆ ಫೋನು ತೆಗೆದು ನನಗೆ ಓದಿ ಹೇಳಿದಳು. ಅದನ್ನು ಬಚ್ಚಿಟ್ಟವರು ಲಿಮಯೆ ಎಂಬ ಹಿರಿಯರು. 'ಕಳೆದುಹೋಗಿರಬಹುದು' ಎಂಬ ಇವಳ ಮಾತು ನೋಡಿ ಮರುದಿನವೇ ಬರೆದಿದ್ದರು: "ಡಬ್ಬ ಯಾರಾದರೂ ಒಯ್ದಿದ್ದರೆ ಇಟ್ಟುಕೊಳ್ಳಲಿ. ಒಳಗಿನ ಕಾಗದವನ್ನು ಮಾತ್ರ ದಯವಿಟ್ಟು ಮರಳಿಸಿ. ಅದರ ಮೊದಲ ಸಾಲು ನನ್ನ ಹೆಂಡತಿಯ ಅಕ್ಷರ. ಅವಳು ಈಗ ಇಲ್ಲ."

ನಗುವ ವಿಷಯ ಅಲ್ಲಿಗೆ ಮುಗಿಯಿತು. ಇಬ್ಬರೂ ದಡದಡ ಮೆಟ್ಟಿಲಿಳಿದು ಬಂದು ಕಲಬತ್ತ ಎತ್ತಿ, ಪೇಪರಿನ ಮಡಿಕೆ ಬಿಡಿಸಿ, ಒಣಗಿದ ಪಟ್ಟಿಗಳನ್ನು ಊಟದ ಟೇಬಲ್ಲಿನ ಮೇಲೆ ಸಾಲಾಗಿ ಇಟ್ಟೆವು. ಹೆಸರುಗಳು, ತಾರೀಖುಗಳು, ನೀಲಿ ಮಸಿಯ ಕಲೆಗಳು. ಶುಭಾ ತಾರೀಖು ನೋಡಿ ಹಿಂದುಮುಂದು ಜೋಡಿಸಿದಳು. ಮೊದಲನೆಯದು ಇರಲಿಲ್ಲ.

ಎಲ್ಲಿ ಹೋಯಿತು? ನಾನು ಕಸದ ಡಬ್ಬಿ ನೋಡಿದೆ, ಪಾತ್ರೆ ತೊಳೆಯುವ ಜಾಗ ನೋಡಿದೆ, ಫ್ರಿಜ್ಜಿನ ಕೆಳಗೆ ಕಡ್ಡಿ ಹಾಕಿ ಎಳೆದೆ. ನಮ್ಮವರು ಪೇಪರು ಕೆಳಗಿಟ್ಟು, "ಏನ ಕಳೀತು?" ಎಂದರು. "ಒಬ್ಬರ ಹೆಂಡತಿ" ಎಂದು ಬಾಯಿಂದ ಬಂತು. ಆಮೇಲೆ ಕುಳಿತು ವಿವರ ಹೇಳಬೇಕಾದರೆ ಅಳುವೇ ಬಂತು. ಅವ್ವನ ಕೈಬರಹ ಎಂದು ನನ್ನ ಹತ್ತಿರ ಒಂದು ಸಾಲೂ ಇಲ್ಲ. ಪತ್ರಗಳನ್ನೆಲ್ಲ ಅಪ್ಪನೇ ಬರೆಯುತ್ತಿದ್ದ, ಕೊನೆಗೆ 'ಇಕಿಯ ನಮಸ್ಕಾರಗಳು' ಎಂದು ಸೇರಿಸುತ್ತಿದ್ದ. ಇನ್ನೊಬ್ಬರಿಗೆ ಇದ್ದ ಒಂದು ಸಾಲನ್ನು ನಾನು ಬಿಸಿನೀರಿನಲ್ಲಿ ತೊಳೆದು ಬಿಟ್ಟೆನಲ್ಲ.

ನಮ್ಮವರು ಕೇಳಿದರು, "ಸುರುಳಿ ಒಳಗಿನದ ಮೊದಲನೇದು ಇರ್ತದ ಅಲ್ಲೇನು? ಬರದು ಬರದು ಮ್ಯಾಲ ಸುತ್ತಿರ್ತಾರ. ನಡುವಿನ ತುಂಡು ಎಲ್ಲಿಟ್ಟಿ?"

ಆಗ ನೆನಪಾಯಿತು. ಗುಂಡಿ ಡಬ್ಬಿಯನ್ನು ಮಂಚದ ಮೇಲೆ ಬೋರಲು ಹಾಕಿದೆ. ಗುಂಡಿಗಳ ರಾಶಿಯಲ್ಲಿ ಕೈಯಾಡಿಸಿದರೆ ಒಣಗಿ ಗಟ್ಟಿಯಾದ ಆ ಶೇಂಗಾಬೀಜ ಸಿಕ್ಕಿತು.

ಚಹಾ ಕುದಿಯುವ ಪಾತ್ರೆಯ ಹಬೆಗೆ ಹಿಡಿದು, ಶುಭಾ ತನ್ನ ಹುಬ್ಬು ತೆಗೆಯುವ ಚಿಮಟದಿಂದ ಎಳೆ ಎಳೆಯಾಗಿ ಬಿಡಿಸಿದಳು. ಉಳಿದವರೆಲ್ಲ ಪೆನ್ನಿನಲ್ಲಿ ಬರೆದು ನೀರಿಗೆ ಕಳೆದುಕೊಂಡಿದ್ದರು. ಇದು ಪೆನ್ಸಿಲಿನದು, ಒಂದು ಅಕ್ಷರವೂ ಹೋಗಿರಲಿಲ್ಲ. ದುಂಡಗಿನ ಮರಾಠಿ ಅಕ್ಷರ: "ಆಧೀ ಬಸಾ, ಪಾಣೀ ಪ್ಯಾ, ಮಗ ನಾವ ಲಿಹಾ." ಮೊದಲು ಕೂತುಕೊಳ್ಳಿ, ನೀರು ಕುಡಿಯಿರಿ, ಆಮೇಲೆ ಹೆಸರು ಬರೆಯಿರಿ. ಕೆಳಗೆ ಹೆಸರು, ಮಂಗಲಾ.

ಮನೆಗೆ ಬಂದವರಿಗೆ ಹೇಳುವ ಮಾತು. ಆ ಹೆಣ್ಣುಮಗಳು ಅದನ್ನು ಒಂದು ಹಳೆಯ ದಂಡಿನ ರಸ್ತೆಯ ಪಕ್ಕದಲ್ಲಿ, ಮುಖ ನೋಡದ ಜನರಿಗಾಗಿ ಬರೆದಿಟ್ಟಿದ್ದಳು.

ಮರುದಿನ ಭಾನುವಾರ. ಶುಭಾ ಆಪಿನಲ್ಲೇ ಸುದ್ದಿ ಮುಟ್ಟಿಸಿದ್ದಳು; ಲಿಮಯೆಯವರು ಕಲ್ಲಿನ ಹತ್ತಿರವೇ ಸಿಗುತ್ತೇನೆಂದರು. ನಾನು ಕಾಗದದ ಪಟ್ಟಿಗಳನ್ನು ಗುಂಡಿ ತೆಗೆದ ಅವ್ವನ ಡಬ್ಬಿಯಲ್ಲಿ ಜೋಡಿಸಿಟ್ಟೆ, ಮಗುವಿನದೆಂದುಕೊಂಡಿದ್ದ ಗೋಲಿ ನಾಣ್ಯಗಳನ್ನೂ ಸೇರಿಸಿದೆ. ಶುಭಾಳ ಕಾರಿನಲ್ಲಿ ನಮ್ಮವರೂ ನಾನೂ ಹೋದಾಗ ಅವರು ಆಟೋದಿಂದಿಳಿದು ಮರದ ಬೇರಿನ ಮೇಲೆ ಕುಳಿತಿದ್ದರು. ತೆಳ್ಳಗಿನ ಮನುಷ್ಯ, ತಲೆಗೆ ಟೋಪಿ, ಕೈಯಲ್ಲಿ ಕೋಲು, ಪಕ್ಕದಲ್ಲಿ ಹೊಸ ಪ್ಲಾಸ್ಟಿಕ್ಕಿನ ಡಬ್ಬ. ಕ್ಷಮೆ ಕೇಳಲು ನಾನು ಮನೆಯಲ್ಲಿ ಮರಾಠಿಯಲ್ಲಿ ಮೂರು ವಾಕ್ಯ ಗಟ್ಟಿ ಮಾಡಿಕೊಂಡಿದ್ದೆ. ಅವರ ಮುಖ ನೋಡಿದ ಕೂಡಲೇ ಮೂರೂ ಮರೆತುಹೋದವು. ಸುಮ್ಮನೆ ಡಬ್ಬಿ ಕೊಟ್ಟೆ.

ಅವರು ಮೊದಲ ಪಟ್ಟಿಯನ್ನು ಅಂಗೈಯ ಮೇಲೆ ಹರವಿಕೊಂಡು ಬಹಳ ಹೊತ್ತು ನೋಡಿದರು. "ಪೆನ್ಸಿಲೇ ಬೇಕು ಅಂತ ಹಟ ಮಾಡಿದ್ದಳು. ಮಳೆ ಬಂದರೆ ಪೆನ್ನು ಕೈಕೊಡುತ್ತದೆ ಅಂದಳು. ನಾನು ನಕ್ಕಿದ್ದೆ" ಎಂದು ಮರಾಠಿಯಲ್ಲಿ ಹೇಳಿದರು. ಈ ಪಟ್ಟಿಗಳನ್ನು ಇನ್ನು ಇಲ್ಲಿ ಇಡುವುದಿಲ್ಲ, ಮನೆಗೆ ಒಯ್ಯುತ್ತೇನೆ ಎಂದು ಕನ್ನಡಕದ ಪೆಟ್ಟಿಗೆಯೊಳಗೆ ಜೋಪಾನವಾಗಿಟ್ಟುಕೊಂಡರು. ನಾನು ಡಬ್ಬ ತೊಳೆದ ಕತೆ ಕೇಳಿ, ಒಳಗೆ ಉಂಡಿ ತುಂಬಿದ್ದು ಕೇಳಿ ಮೊದಲ ಸಲ ನಕ್ಕರು. ತಿನ್ನುವ ವಸ್ತು ಇಟ್ಟರೆ ಇಲಿ ಇರುವೆ ಬರುತ್ತವೆ, ಇಡಬಾರದೆಂದು ಆಟದ ನಿಯಮವೇ ಇದೆ ಎಂದರು. ಹಾಗೆನ್ನುತ್ತಲೇ ನಾನು ಬೇರೆ ಕಟ್ಟಿ ತಂದಿದ್ದ ಉಂಡಿಗಳಲ್ಲಿ ಎರಡು ತಿಂದರು.

ಆಮೇಲೆ ಗೋಲಿ ನಾಣ್ಯಗಳನ್ನು ಹೊಸ ಡಬ್ಬಕ್ಕೆ ಸುರಿದು, ಅವ್ವನ ಡಬ್ಬಿಯನ್ನು ನನಗೆ ಮರಳಿ ಚಾಚಿದವರು ಅರ್ಧಕ್ಕೆ ಕೈ ತಡೆದರು. "ರಿಕಾಮಾ ಡಬಾ ದ್ಯಾಯಚಾ ನಾಹೀ" ಎಂದು ತಮ್ಮಷ್ಟಕ್ಕೇ ಅಂದುಕೊಂಡು ಜೇಬು ತಡಕಾಡಿದರು. ಖಾಲಿ ಡಬ್ಬಿ ಕೊಡಬಾರದಂತೆ. ಅವರ ಮಂಗಲಾಬಾಯಿಯೂ ಹಾಗೇ ಹೇಳುತ್ತಿದ್ದರಂತೆ. ಒಂದು ಜೇಬಿನಲ್ಲಿ ಮಾತ್ರೆಗಳ ಹಾಳೆ, ಇನ್ನೊಂದರಲ್ಲಿ ಕರವಸ್ತ್ರ, ಅಂಗಿಯ ಜೇಬಿನಲ್ಲಿ ಬೆರಳುದ್ದದ ಪೆನ್ಸಿಲು. ಅದನ್ನೇ ಡಬ್ಬಿಯೊಳಗೆ ಇಟ್ಟು, ಕಡಿ ಹಾಕಿ ಕೊಟ್ಟರು. ಯಾವ ಪೆನ್ಸಿಲು ಎಂದು ನಾನು ಕೇಳಲಿಲ್ಲ. ಮಂಗಲಾಬಾಯಿಯದೇ ಇರಬೇಕು.

ಶುಭಾ ಹೊಸ ಪ್ಲಾಸ್ಟಿಕ್ ಡಬ್ಬದಲ್ಲಿ ಹೊಸ ಕಾಗದ ಇಡುತ್ತಿದ್ದಳು. ನಾನು ಡಬ್ಬಿಯನ್ನು ಕೈಯಲ್ಲಿ ಹಿಡಿದು ಕಲ್ಲಿನ ಕಡೆ ನೋಡಿದೆ. ಈ ಕಲ್ಲಿನ ಮುಂದೆ, ಅಥವಾ ಇಂಥದೇ ಒಂದರ ಮುಂದೆ, ಇದೇ ಡಬ್ಬಿ ವರ್ಷವರ್ಷವೂ ತೆರೆದುಕೊಳ್ಳುತ್ತಿತ್ತು. ಇಲ್ಲೇ ಇಡಬೇಕೆಂದು ಮನಸ್ಸು ಹೇಳಿತು. ಮರುಗಳಿಗೆಯೇ ಕೈ ಬಿಗಿಯಾಯಿತು. ಯಾರಾದರೂ ಒಯ್ದರೆ? ನನ್ನಂಥ ಇನ್ನೊಬ್ಬಳು ಚೀಲಕ್ಕೆ ಹಾಕಿಕೊಂಡರೆ? ಆ ಹೆಸರು ಬೇರೆಲ್ಲೂ ಇಲ್ಲ. ಮನೆಯಲ್ಲಿ ಗುಂಡಿಗಳ ಕೆಳಗಾದರೂ ಅದು ಭದ್ರವಾಗಿತ್ತು.

ನಮ್ಮವರು ನನ್ನ ಪಕ್ಕಕ್ಕೆ ಬಂದು ನಿಂತರು. "ಇಟ್ಟರ ಇಡು, ಇಲ್ಲಂದ್ರ ಮನೀಗೆ ನಡಿ. ಯಾರೂ ಏನೂ ಅನ್ನೂದಿಲ್ಲ" ಎಂದರು.

ಆಗ ಒಂದು ವಿಷಯ ಹೊಳೆಯಿತು, ಇಷ್ಟು ವರ್ಷ ಹೊಳೆದಿರಲಿಲ್ಲ. ಅವ್ವ ಈ ದಾರಿಯಲ್ಲಿ ಮೊದಲ ಸಲ ಬಂದಾಗಲೇ ಸುಮತಿಯಾಗಿದ್ದಳು. ಅಕ್ಕಿಯ ಮೇಲೆ ಹೊಸ ಹೆಸರು ಬರೆದ ದಿನವೇ ತುಂಗಾಳನ್ನು ಧಾರವಾಡದಲ್ಲಿ ಬಿಟ್ಟು ಬಂದಿದ್ದರು. ಅವಳು ಈ ಘಾಟು ನೋಡಲಿಲ್ಲ, ಈ ಮರದ ಕೆಳಗೆ ನಿಲ್ಲಲಿಲ್ಲ. ಅವಳನ್ನು ಹೆಸರು ಹಿಡಿದು ಕರೆದವರು ಪುಣೆಯಲ್ಲಿ ಒಬ್ಬರೂ ಇರಲಿಲ್ಲ. ನಾನೂ ಕರೆದಿರಲಿಲ್ಲ. ಡಬ್ಬಿ ಮನೆಗೆ ಒಯ್ದರೆ ಮುಂದೆಯೂ ಯಾರೂ ಕರೆಯುವುದಿಲ್ಲ.

ಶುಭಾಳಿಂದ ಹೊಸ ಕಾಗದ ಇಸಿದುಕೊಂಡು, ಕಲ್ಲಿನ ಪಕ್ಕ ಕುಳಿತೆ. ಬಾಟಲಿ ತೆಗೆದು ಎರಡು ಗುಟುಕು ನೀರು ಕುಡಿದೆ. ಆ ಪೆನ್ಸಿಲಿನಿಂದ ಮೊದಲ ಸಾಲಿನಲ್ಲಿ ಮಂಗಲಾಬಾಯಿಯ ಮಾತನ್ನು ಮರಾ‌ಠಿಯಲ್ಲಿ ಹಾಗೇ ನಕಲು ಮಾಡಿದೆ. ಕೆಳಗೆ ಕನ್ನಡದಲ್ಲಿ 'ತುಂಗಾ, ಧಾರವಾಡ' ಎಂದು ಬರೆದೆ. ನನ್ನ ಹೆಸರು ಅದರ ಕೆಳಗೆ. ಕಾಗದ, ಪೆನ್ಸಿಲು, ಗೋಲಿ, ನಾಣ್ಯ ಎಲ್ಲವನ್ನೂ ಅವ್ವನ ಡಬ್ಬಿಯಲ್ಲಿಟ್ಟು ಕಡಿ ಹಾಕಿ, ಬೇರುಗಳ ಸಂದಿನಲ್ಲಿ ಕಲ್ಲಿನ ಹಿಂದೆ ಒಳಕ್ಕೆ ಸರಿಸಿದೆ. ಲಿಮಯೆಯವರು ಹೊಸ ಪ್ಲಾಸ್ಟಿಕ್ ಡಬ್ಬದಲ್ಲಿ ಉಳಿದ ಉಂಡಿಗಳನ್ನು ಹಾಕಿಸಿಕೊಂಡು ಹೋದರು. ಅದು ಇನ್ನೂ ಮರಳಿ ಬಂದಿಲ್ಲ; ಬಂದರೆ ಖಾಲಿ ಬರುವುದಿಲ್ಲವೆಂಬ ಭರವಸೆ ನನಗಿದೆ.

ಮೊದಲ ಕೆಲವು ವಾರ ನನಗೆ ಸಮಾಧಾನವಿರಲಿಲ್ಲ. ಮಳೆ ಬಂದರೆ ಅದರ ಚಿಂತೆ, ಹೆದ್ದಾರಿಯವರು ಮರ ಕಡಿದಾರೆಂಬ ಚಿಂತೆ. ಶುಭಾಳನ್ನು ಮೆಟ್ಟಿಲಲ್ಲಿ ತಡೆದು, "ಏನಾರ ಸುದ್ದಿ ಬಂತೇನು?" ಎಂದು ಕೇಳುತ್ತಿದ್ದೆ. ಉಪ್ಪಿನಕಾಯಿ ಬಾಟಲಿ ತೆರೆದಾಗಲೆಲ್ಲ ಮನಸ್ಸು ಅಲ್ಲಿಗೆ ಓಡುತ್ತಿತ್ತು.

ಹೋದ ಬುಧವಾರ ಶುಭಾ ಕೆಲಸದಿಂದ ಬಂದವಳೇ ಚಪ್ಪಲಿ ಹಾಕಿಕೊಂಡೇ ಒಳಗೆ ಬಂದಳು. "ಆಂಟಿ, ಸಿಕ್ಕಿದೆ! ಇಬ್ಬರು ಹುಡುಕಿದಾರೆ, ಕಲ್ಕತ್ತದವರಂತೆ" ಎಂದು ಫೋನು ತೋರಿಸಿದಳು. ಫೋಟೋದಲ್ಲಿ ಆಲದ ಬೇರು, ಅದರ ಮೇಲೆ ನಮ್ಮ ಡಬ್ಬಿ, ಮುಚ್ಚಳದ ಚುಕ್ಕಿಗಳು ಬಿಸಿಲಿಗೆ ಮಿಂಚುತ್ತಿದ್ದವು. ಕೆಳಗೆ ಇಂಗ್ಲಿಷಿನಲ್ಲಿ ಬರೆದಿದ್ದರು: ಈ ಲಿಪಿ ನಮಗೆ ಬರುವುದಿಲ್ಲ, ಮುಚ್ಚಳದ ಮೇಲೆ ಏನೆಂದು ಬರೆದಿದೆ, ಯಾರಾದರೂ ಹೇಳುವಿರಾ?

"ಏನಂತ ರಿಪ್ಲೈ ಮಾಡ್ಲಿ ಆಂಟಿ?"

ನಾನು ಕೈಯಲ್ಲಿದ್ದ ಸೂಜಿದಾರ ಕೆಳಗಿಟ್ಟೆ. "ತುಂಗಾ ಅಂತ ಬರಿ. ನಮ್ಮವ್ವನ ಹೆಸರು ಅಂತ ಬರಿ" ಎಂದೆ. ಅವಳು ಬರೆದಳು. "ಒಮ್ಮೆ ಜೋರಾಗಿ ಕರದು ನೋಡ್ರಿ ಅಂತನೂ ಬರಿ."